ಬೇರೆ ಆಸ್ಪತ್ರೆಯ ತನಿಖಾ ವರದಿಯನ್ನು ನಮ್ಮ ವಾರ್ಡಿಗೆ ಬಳಸುವುದು ಹೇಗೆ?

ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 2003ರಿಂದ 2005ರ ನಡುವೆ ಎರಡು ಸಲ ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಭೇದಿ ಹರಡಿತು. 334 ಜನರಿಗೆ ಸೋಂಕು, ಕನಿಷ್ಠ 33 ಸಾವು. ತನಿಖಾ ವರದಿ 2006ರ ಜುಲೈನಲ್ಲಿ ಬಂತು. 2007ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನದೇ ಮೇಡ್‌ಸ್ಟನ್ ಕಡೆಯ ಆಸ್ಪತ್ರೆಗಳ ವರದಿ ಬಂತು. ಅದೇ ರೋಗ, ಸುಮಾರು 90 ಸಾವು. ಅದೇ ಹೊತ್ತಿಗೆ ಸ್ಕಾಟ್ಲೆಂಡಿನ ವೇಲ್ ಆಫ್ ಲೆವನ್ ಆಸ್ಪತ್ರೆಯಲ್ಲೂ ಅದು ಹಬ್ಬುತ್ತಿತ್ತು. ಅಲ್ಲಿ 34 ಜನ ಸತ್ತರು. ಮೂರು ಕಡೆಯ ತನಿಖಾ ವರದಿಗಳನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಹೊಟ್ಟೆ ಉರಿಯುತ್ತದೆ. ಭೇದಿ ಇದ್ದವರನ್ನು ಬೇರೆ ಕೋಣೆಗೆ ಹಾಕುವುದು ತಡವಾಯಿತು ಎಂಬ ಮಾತು ಮೂರರಲ್ಲೂ ಇದೆ.

ಇಂಥ ವರದಿಗಳನ್ನು ನಮ್ಮ ಆಸ್ಪತ್ರೆಗಳ ಸೋಂಕು ನಿಯಂತ್ರಣ ಸಮಿತಿಗಳು ಹೀಗೆ ಬಳಸಬಹುದು.

ಮೊದಲು, ಒಂದೇ ವರದಿ ಆರಿಸಿಕೊಳ್ಳಿ. ವೇಲ್ ಆಫ್ ಲೆವನ್ ವರದಿಯಲ್ಲೇ 75 ಶಿಫಾರಸುಗಳಿವೆ. ಎಲ್ಲವನ್ನೂ ಹಿಡಿಯಲು ಹೋದರೆ ಒಂದೂ ಆಗುವುದಿಲ್ಲ. ಶಿಫಾರಸಿಗಿಂತ ಮೊದಲು ಘಟನೆಗಳ ಭಾಗ ಓದಿ. ಮೊದಲ ರೋಗಿ ಯಾವಾಗ ಬಂದ, ಯಾರಿಗೆ ಗೊತ್ತಾಯಿತು, ಯಾರು ಯಾರಿಗೆ ಹೇಳಲಿಲ್ಲ? ಪಾಠ ಇರುವುದೇ ಅಲ್ಲಿ.

ಆಮೇಲೆ, ಪ್ರತಿ ತಪ್ಪನ್ನೂ ನಿಮ್ಮ ವಾರ್ಡಿನ ಪ್ರಶ್ನೆ ಮಾಡಿ. “ಪ್ರತ್ಯೇಕಿಸುವ ವ್ಯವಸ್ಥೆ ಇದೆಯೇ?” ಎಂದು ಕೇಳಬೇಡಿ. ಎಲ್ಲರೂ ಇದೆ ಅಂತಾರೆ. “ಕಳೆದ ತಿಂಗಳು ಭೇದಿ ಶುರುವಾದ ರೋಗಿ ಎಷ್ಟು ಗಂಟೆಯ ನಂತರ ಬೇರೆ ಕೋಣೆಗೆ ಹೋದರು?” ಎಂದು ಕೇಳಿ. ಕೇಸ್‌ ಶೀಟ್‌ ತೆರೆದು ಗಂಟೆ ಲೆಕ್ಕ ಹಾಕಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಹೋಗಿ ನೋಡಿ, ಅದೂ ರಾತ್ರಿ ಪಾಳಿಯಲ್ಲಿ. “ತೊಳೆದಿದೆ” ಎಂದು ಪಕ್ಕಕ್ಕಿಟ್ಟ ಕಮೋಡ್ ಚೇರನ್ನು ತಿರುಗಿಸಿ, ಸೀಟಿನ ಅಡಿಭಾಗಕ್ಕೆ ಟಾರ್ಚ್ ಬಿಡಿ. ಮೇಲೆ ಫಳಫಳ ಹೊಳೆಯುವ ಸೀಟಿನ ಕೆಳಗೆ, ಸ್ಕ್ರೂ ಸುತ್ತ ಕಂದು ಕಲೆ ಒಣಗಿ ಕೂತಿರಬಹುದು. ಕೈ ತೊಳೆಯುವ ಸಿಂಕಿನಲ್ಲಿ ನೀರು ಬರುತ್ತಾ, ಸೋಪು ಇದೆಯಾ, ಸಿಂಕಿನ ಮುಂದೆ ಟ್ರಾಲಿ ಅಡ್ಡ ನಿಂತಿದೆಯಾ, ನೋಡಿ. ಸಿ. ಡಿಫಿಸಿಲ್‌ನ ಸ್ಪೋರ್‌ಗಳು (ಗಟ್ಟಿ ಹೊದಿಕೆಯೊಳಗೆ ಸುಪ್ತವಾಗಿರುವ ರೂಪ) ಆಲ್ಕೋಹಾಲ್ ಹ್ಯಾಂಡ್‌ರಬ್‌ಗೆ ಸಾಯುವುದಿಲ್ಲ. ಸೋಪು, ನೀರು ಹಾಕಿ ಉಜ್ಜಿ ತೊಳೆಯಲೇಬೇಕು. ಮಂಚದ ಪಕ್ಕ ಹ್ಯಾಂಡ್‌ರಬ್ ಬಾಟಲಿ ಇದೆ ಅಂದ ಮಾತ್ರಕ್ಕೆ ಈ ರೋಗದಲ್ಲಿ ಧೈರ್ಯವಾಗಿರುವಂತಿಲ್ಲ.

ಕಂಡದ್ದರಲ್ಲಿ ಎರಡೋ ಮೂರೋ ಕೆಲಸ ಆರಿಸಿ, ಪ್ರತಿಯೊಂದರ ಮುಂದೆ ಒಬ್ಬರ ಹೆಸರು, ಒಂದು ತಾರೀಕು ಬರೆಯಿರಿ. “ಸಮಿತಿ ಗಮನಿಸುವುದು” ಅಂತ ಬರೆದರೆ ಯಾರೂ ಗಮನಿಸುವುದಿಲ್ಲ.

ಆಯಾಗಳು, ಹೌಸ್‌ಕೀಪಿಂಗ್‌ನವರನ್ನು ಇದರಿಂದ ಹೊರಗಿಡಬೇಡಿ. ಇಂಗ್ಲಿಷ್ ವರದಿಯ ಕಥೆಯನ್ನು ಅವರಿಗೆ ಕನ್ನಡದಲ್ಲಿ ಹೇಳಿ, ಅವರ ಮಾತು ಕೇಳಿ. ಬ್ಲೀಚ್ ಯಾವತ್ತು ಖಾಲಿಯಾಗುತ್ತದೆ, ಯಾವ ಪಾಳಿಯಲ್ಲಿ ಜನ ಕಡಿಮೆ ಎಂಬುದು ಅವರಿಗೇ ಜಾಸ್ತಿ ಗೊತ್ತು, ಅಲ್ವಾ? ತಪ್ಪನ್ನು ತೋರಿಸಿಕೊಟ್ಟವರನ್ನು ಗದರಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ತಿಂಗಳ ನಂತರ ಅದೇ ಪ್ರಶ್ನೆಗಳನ್ನು ಹಿಡಿದು, ಹೇಳದೆ ಮತ್ತೆ ಹೋಗಿ. ಗಂಟೆಗಳ ಲೆಕ್ಕ ಇಳಿದಿದ್ದರೆ ಮುಂದಿನ ವರದಿ ತೆಗೆದುಕೊಳ್ಳಿ. ಇಳಿಯದಿದ್ದರೆ ಮಂಚ, ಸಿಬ್ಬಂದಿ, ಸೋಪು, ಯಾವುದು ಸಾಲುತ್ತಿಲ್ಲ ಎಂದು ಅಧೀಕ್ಷಕರಿಗೆ ಲಿಖಿತವಾಗಿ ಕೊಡಿ.