ಬೇಲಿ ಗಿಡ ಒಣಗುತ್ತಿದ್ದರೆ: ಎರೆ, ಮಸಾರಿ ಮತ್ತು ಸವಳು ನೆಲದ ಮನೆಗಳಿಗೆ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಹೊಸ ಬಡಾವಣೆಗಳಲ್ಲಿ ಕಾಂಪೌಂಡಿನ ಒಳಬದಿಗೆ ಸಾಲಾಗಿ ನೆಟ್ಟ ಹಳದಿ ಎಲೆಯ ಡ್ಯುರಾಂಟಾ, ಅಕಾಲಿಫಾ ಅಥವಾ ದಾಸವಾಳದ ಗಿಡಗಳು ಎರಡು ಮೂರು ಬೇಸಿಗೆ ಕಳೆಯುವಷ್ಟರಲ್ಲಿ ಅಲ್ಲೊಂದು ಇಲ್ಲೊಂದು ಒಣಗತೊಡಗುತ್ತವೆ. ಖಾಲಿಯಾದ ಜಾಗಕ್ಕೆ ಅದೇ ಜಾತಿಯ ಹೊಸ ಸಸಿ ತಂದು ನೆಡುವುದು ಎಲ್ಲರೂ ಮಾಡುವ ಕೆಲಸ. ಆ ಸಸಿಯೂ ಮುಂದಿನ ಏಪ್ರಿಲ್ ದಾಟುವುದು ಕಷ್ಟ. ಈ ಸೀಮೆಯಲ್ಲಿ ಬೇಲಿ ಗಿಡವನ್ನು ಕೊಲ್ಲುವುದು ಬಹುಮಟ್ಟಿಗೆ ಬೇರಿನ ಸುತ್ತಲಿನ ಮಣ್ಣು ಮತ್ತು ನಾವು ಹಾಯಿಸುವ ನೀರು. ಎಲೆಯ ರೋಗಗಳ ಪಾಲು ಕಡಿಮೆ. ಆದ್ದರಿಂದ ನರ್ಸರಿಗೆ ಹೋಗುವ ಮೊದಲು ಸಲಿಕೆ ಹಿಡಿಯಬೇಕು.

ಮೊದಲು ಗಿಡ ನಿಜವಾಗಿ ಸತ್ತಿದೆಯೇ ಎಂದು ನೋಡಿ. ರೆಂಬೆಯ ತುದಿಯಿಂದ ಆರಂಭಿಸಿ ಬುಡದ ಕಡೆಗೆ ಅಲ್ಲಲ್ಲಿ ಉಗುರಿನಿಂದ ತೊಗಟೆಯನ್ನು ಕೆರೆಯಿರಿ. ತೊಗಟೆಯ ಕೆಳಗೆ ಹಸಿರು, ತೇವವಿರುವ ಪದರ ಕಂಡರೆ ಅಲ್ಲಿಯವರೆಗೆ ಜೀವವಿದೆ. ಕಂದು ಬಣ್ಣದ, ಪುಡಿಯಾಗುವ ಪದರ ಕಂಡರೆ ಆ ಭಾಗ ಮುಗಿದಂತೆ. ಬುಡದ ಅರ್ಧ ಅಡಿಯಲ್ಲಿ ಹಸಿರು ಉಳಿದಿದ್ದರೆ ಗಿಡವನ್ನು ಕೀಳುವ ಅವಸರ ಬೇಡ. ಬೇಸಿಗೆ ಮುಗಿದು ಮೊದಲ ಮಳೆ ಬಿದ್ದ ಮೇಲೆ ಹಸಿರಿರುವ ಮಟ್ಟಕ್ಕೆ ಕತ್ತರಿಸಿದರೆ ಡ್ಯುರಾಂಟಾ, ದಾಸವಾಳಗಳು ಮತ್ತೆ ಚಿಗುರುವುದುಂಟು. ಏಪ್ರಿಲ್, ಮೇ ತಿಂಗಳುಗಳಲ್ಲಿ, ಬಿಸಿಲು ನಲವತ್ತು ಡಿಗ್ರಿ ದಾಟಿರುವಾಗ, ಒಣಗಿದ್ದನ್ನು ತೆಗೆಯುವ ನೆಪದಲ್ಲಿ ಇಡೀ ಸಾಲನ್ನು ಬೋಳಿಸಿದರೆ ಮಾತ್ರ ಉಳಿದ ಗಿಡಗಳ ಕಾಂಡವೂ ಸುಡುತ್ತದೆ.

ಸತ್ತ ಗಿಡವನ್ನು ಬೇರುಸಹಿತ ಅಗೆದು ತೆಗೆದಾಗ ಕಾರಣ ಬಹುತೇಕ ಕೈಯಲ್ಲೇ ಸಿಗುತ್ತದೆ. ಬೇರು ಕಪ್ಪಾಗಿ, ಹಿಡಿದರೆ ಸಿಪ್ಪೆ ಕಳಚಿ ಬಂದು, ಕೊಳೆತ ವಾಸನೆ ಬಂದರೆ ನೀರು ನಿಂತು ಬೇರು ಕೊಳೆತಿದೆ. ಮಣ್ಣು ಹಸಿಯಿದ್ದರೂ ಎಲೆ ಬಾಡಿದ್ದಕ್ಕೆ ಕಾರಣ ಅದೇ. ಬುಡಕ್ಕೆ ಮಣ್ಣಿನ ಪದರ ಮೆತ್ತಿಕೊಂಡಿದ್ದು, ಅದನ್ನು ಕೆರೆದರೆ ತೊಗಟೆ ಟೊಳ್ಳಾಗಿದ್ದರೆ ಗೆದ್ದಲು. ಬೇರುಗಳು ಇನ್ನೂ ನರ್ಸರಿಯ ಪಾಲಿಥೀನ್ ಚೀಲದ ಆಕಾರದಲ್ಲೇ ಸುತ್ತಿಕೊಂಡಿದ್ದರೆ, ನೆಟ್ಟ ದಿನದಿಂದ ಅವು ಹೊರಗಿನ ಮಣ್ಣಿಗೆ ಇಳಿದೇ ಇಲ್ಲ. ಇದು ನಾವು ಊಹಿಸುವುದಕ್ಕಿಂತ ಹೆಚ್ಚು ಕಡೆ ಕಾಣುವ ದೋಷ.

ಎಲೆಗಳೂ ಕೆಲವು ಸಂಗತಿ ಹೇಳುತ್ತವೆ. ಹಳೆಯ ಎಲೆಗಳ ಅಂಚು ಮತ್ತು ತುದಿ ಸುಟ್ಟಂತೆ ಕಂದಾಗಿ, ಪಾತಿಯ ಅಂಚಿನಲ್ಲಿ ಬಿಳಿಯ ಪದರ ಕಟ್ಟಿದ್ದರೆ ಉಪ್ಪಿನ ಅಂಶ ಹೆಚ್ಚಾಗಿದೆ. ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಸುಣ್ಣದ ಅಂಶವಿರುವ ನಮ್ಮ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ, ಗೋಡೆ ಕಟ್ಟುವಾಗ ಉದುರಿದ ಸಿಮೆಂಟು ಮತ್ತು ಗಾರೆ ಇದನ್ನು ಇನ್ನಷ್ಟು ಕೆಡಿಸುತ್ತವೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆಯ ಹೊತ್ತು ಎಲೆಗೆ ಸಿಂಪಡಿಸಿದರೆ ತಾತ್ಕಾಲಿಕವಾಗಿ ಹಸಿರು ಮರಳುತ್ತದೆ. ಒಲೆಯ ಬೂದಿಯನ್ನು ಗೊಬ್ಬರವೆಂದು ಬುಡಕ್ಕೆ ಹಾಕುವ ರೂಢಿ ಹಲವರಲ್ಲಿದೆ. ಮೊದಲೇ ಕ್ಷಾರೀಯವಾದ ಮಣ್ಣಿಗೆ ಕ್ಷಾರವನ್ನೇ ಸೇರಿಸುವ ಈ ರೂಢಿಯನ್ನು ಇಲ್ಲಿ ಬಿಡುವುದೇ ಲೇಸು. ದಾಸವಾಳದ ತುದಿಗಳು ಮುದುಡಿ ಬಿಳಿ ಹಿಟ್ಟು ಕಂಡರೆ ಹಿಟ್ಟು ತಿಗಣೆ. ಆ ತುದಿಗಳನ್ನು ಕತ್ತರಿಸಿ ಸುಟ್ಟು, ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನೊಂದಿಗೆ ನೀರಿಗೆ ಬೆರೆಸಿ ಸಿಂಪಡಿಸಬೇಕು.

ಇನ್ನು ನೀರಿನ ವಿಚಾರ. ಬೋರ್‌ವೆಲ್ ನೀರು ಗಡಸಾಗಿರುವ ಮನೆಗಳಲ್ಲಿ ದಿನವೂ ಪೈಪಿನಿಂದ ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿದರೆ ನೀರು ಆವಿಯಾಗಿ ಲವಣ ಮಾತ್ರ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ, ಬೇರುಗಳೂ ಆಳಕ್ಕೆ ಇಳಿಯದೆ ಆ ಲವಣದ ಪದರದಲ್ಲೇ ಹರಡುತ್ತವೆ. ನೆಲೆ ನಿಂತ ಗಿಡಕ್ಕೆ ಮಣ್ಣಿನ ಗುಣ ನೋಡಿಕೊಂಡು ನಾಲ್ಕರಿಂದ ಎಂಟು ದಿನಕ್ಕೊಮ್ಮೆ ಒಂದಡಿ ಆಳ ನೆನೆಯುವಂತೆ ನೀರು ಕೊಡುವುದು ಹೆಚ್ಚು ಕ್ಷೇಮ. ಮಾಳಿಗೆಯ ಮಳೆನೀರನ್ನು ಚರಂಡಿಗೆ ಬಿಡದೆ ಈ ಸಾಲಿಗೆ ತಿರುಗಿಸಿದರೆ ವರ್ಷಕ್ಕೊಮ್ಮೆ ಲವಣ ತೊಳೆದು ಕೆಳಗೆ ಇಳಿಯುತ್ತದೆ, ಆದರೆ ಕೆಳಗಿನ ಮಣ್ಣಿನಲ್ಲಿ ನೀರು ಬಸಿದು ಹೋಗುವಂತಿರಬೇಕು.

ಅದನ್ನು ತಿಳಿಯಲು ಒಂದೂವರೆ ಅಡಿ ಆಳದ ಗುಂಡಿ ತೋಡಿ, ಒಮ್ಮೆ ನೀರು ತುಂಬಿ ಇಂಗಿದ ಮೇಲೆ ಸಂಜೆ ಮತ್ತೊಮ್ಮೆ ತುಂಬಿಸಿ ಬಿಡಿ. ಬೆಳಿಗ್ಗೆಯೂ ನೀರು ನಿಂತಿದ್ದರೆ ಅಲ್ಲಿ ಗುಂಡಿ ತೋಡಿ ನೆಡುವ ಪದ್ಧತಿ ನಡೆಯದು. ಎರೆ ಮಣ್ಣಿನಲ್ಲಿ, ಅಂದರೆ ಜಿಗುಟಾದ ಕಪ್ಪು ಮಣ್ಣಿನಲ್ಲಿ, ಗುಂಡಿ ತೋಡಿ ಅದಕ್ಕೆ ಕೆಂಪು ಮಣ್ಣು ತುಂಬಿ ನೆಡುವುದು ಒಳ್ಳೆಯದೆಂದು ಬಹಳ ಜನ ನಂಬಿದ್ದಾರೆ; ಸುತ್ತಲಿನ ಜಿಗುಟು ಮಣ್ಣು ನೀರನ್ನು ಬಿಟ್ಟುಕೊಡದ ಕಾರಣ ಸೆಪ್ಟೆಂಬರ್‌ನ ಜೋರು ಮಳೆಯಲ್ಲಿ ಆ ಗುಂಡಿ ನೀರು ತುಂಬಿದ ಬಾನಿಯಂತಾಗುತ್ತದೆ. ಅದರ ಬದಲು ನೆಲದ ಮೇಲೆ ಎರಡಡಿ ಅಗಲ, ಮುಕ್ಕಾಲರಿಂದ ಒಂದಡಿ ಎತ್ತರದ ಏರಿ ಕಟ್ಟಿ, ಮಸಾರಿ ಮಣ್ಣು (ಮರಳು ಬೆರೆತ ಕೆಂಪು ಮಣ್ಣು) ಮತ್ತು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೆರೆಸಿ ಅದರ ಮೇಲೆ ನೆಡಬೇಕು. ಕಳಿಯದ ಸಗಣಿ ಗೆದ್ದಲನ್ನು ಕರೆಯುತ್ತದೆ. ಮಸಾರಿ ಅಥವಾ ಗರಸು (ಸಣ್ಣ ಕಲ್ಲು ಬೆರೆತ) ನೆಲದಲ್ಲಿ ಮಾತ್ರ ಒಂದೂವರೆ ಅಡಿ ಆಳದ ಕಾಲುವೆ ತೋಡಿ ಗೊಬ್ಬರ ತುಂಬುವುದು ಸರಿ.

ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿರುವ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆಯವರು ಮಣ್ಣು ಪರೀಕ್ಷೆ ಮಾಡಿಸದೆ ಹಣ ಖರ್ಚು ಮಾಡಬಾರದು. ಮೇಲಿನ ಪದರ ಕೆರೆದು ಹಾಕಿ, ಒಂದಡಿ ಆಳದವರೆಗಿನ ಮಣ್ಣನ್ನು ಸಾಲಿನ ನಾಲ್ಕೈದು ಕಡೆಯಿಂದ ತೆಗೆದು ಬೆರೆಸಿ, ಅರ್ಧ ಕಿಲೋದಷ್ಟನ್ನು ರಾಯಚೂರು, ಗಂಗಾವತಿ ಅಥವಾ ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಬಹುದು. ವರದಿಯಲ್ಲಿ ವಿದ್ಯುತ್ ವಾಹಕತೆ (ಲವಣದ ಅಂಶ ತೋರಿಸುವ ಅಳತೆ) ಮೀಟರಿಗೆ 4 ಡೆಸಿಸೀಮನ್ಸ್ ಮೀರಿದ್ದರೆ ಮಣ್ಣು ಸವಳು, ಅಂದರೆ ಉಪ್ಪು ಹೆಚ್ಚಿದ ಮಣ್ಣು; ರಸಸಾರ (ಪಿಎಚ್) 8.5 ಮೀರಿದ್ದರೆ ಸೋಡಿಯಂ ಹೆಚ್ಚಿರುವ ಕ್ಷಾರ ಮಣ್ಣು. ಜಿಪ್ಸಂ ಉಪಯೋಗಕ್ಕೆ ಬರುವುದು ಎರಡನೆಯದಕ್ಕೆ. ಬರೀ ಸವಳಿಗೆ ಒಳ್ಳೆಯ ನೀರಿನಿಂದ ತೊಳೆದು ಬಸಿಯುವುದೇ ದಾರಿ.

ಬದಲಿ ಗಿಡವನ್ನು ಈ ತಿಳಿವಳಿಕೆಯ ಮೇಲೆ ಆರಿಸಿ. ಸವಳು ಅಥವಾ ತೇವ ಹೆಚ್ಚಿರುವ ಕಡೆ ನನ್ನ ಮೊದಲ ಆಯ್ಕೆ ಕ್ಲಿರೋಡೆಂಡ್ರಮ್ ಇನರ್ಮಿ. ಸಮುದ್ರ ತೀರದಲ್ಲಿ ಸಹಜವಾಗಿ ಬೆಳೆಯುವ ಇದಕ್ಕೆ ಉಪ್ಪಿನ ಭಯವಿಲ್ಲ, ಕತ್ತರಿಗೆ ಚೆನ್ನಾಗಿ ಒಗ್ಗುತ್ತದೆ, ದನಗಳು ಅಷ್ಟಾಗಿ ಬಾಯಿ ಹಾಕುವುದಿಲ್ಲ. ಮಸಾರಿ ಮತ್ತು ಗರಸು ನೆಲಕ್ಕೆ ಮದರಂಗಿಗಿಂತ ಒಳ್ಳೆಯ ಬೇಲಿ ಕಡಿಮೆ: ಬಿಸಿಲು, ಬರ ಎರಡನ್ನೂ ತಡೆಯುತ್ತದೆ, ಕಡ್ಡಿ ನೆಟ್ಟರೂ ಬರುತ್ತದೆ. ನೀರು ನಿಂತರೆ ಮಾತ್ರ ಸಹಿಸದು. ನಮ್ಮ ಕಲ್ಲುಗುಡ್ಡಗಳಲ್ಲಿ ತಾನಾಗಿಯೇ ಬೆಳೆಯುವ ಬಂದರಿಕೆಯನ್ನೂ ಕತ್ತರಿಸಿ ಸಾಲು ಮಾಡಬಹುದು, ನರ್ಸರಿಗಳು ಅದನ್ನೇಕೋ ಕಡೆಗಣಿಸಿವೆ. ಹಿತ್ತಲ ಕಡೆಗೆ ಕಾವಲೂ ಬೇಕೆನ್ನುವವರಿಗೆ ಮುಳ್ಳಿನ ಕವಳೆ ಇದೆ. ಬೆಳವಣಿಗೆ ನಿಧಾನ, ಆದರೆ ಉಪ್ಪಿನಕಾಯಿಗೆ ಕಾಯಿ ಸಿಗುತ್ತದೆ. ಕಣಗಿಲೆ ಎಲ್ಲವನ್ನೂ ತಾಳಿಕೊಳ್ಳುತ್ತದೆ, ಆದರೆ ಅದರ ಪ್ರತಿ ಭಾಗವೂ ವಿಷ, ಆದ್ದರಿಂದ ಚಿಕ್ಕ ಮಕ್ಕಳು ಮತ್ತು ಆಡುಗಳಿರುವ ಮನೆಗೆ ಬೇಡ. ಬೇಗ ಹಸಿರಾಗುತ್ತದೆಂಬ ಕಾರಣಕ್ಕೆ ಮಾರಾಟವಾಗುವ ಕೋನೋಕಾರ್ಪಸ್ ಅನ್ನು ನಾನು ಯಾರಿಗೂ ಹೇಳುವುದಿಲ್ಲ. ಇದರ ಬೇರು ನೀರಿನ ಕೊಳವೆ, ಚರಂಡಿಗಳನ್ನು ಹುಡುಕಿ ಹೋಗುತ್ತದೆಂಬ ದೂರುಗಳಿವೆ. ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡುವುದನ್ನೇ ನಿಷೇಧಿಸಿತು. ಉದ್ದನೆಯ ಸಾಲಾಗಿದ್ದರೆ ಒಂದೇ ಜಾತಿಗೆ ಕಟ್ಟುಬೀಳದೆ ಎರಡು ಜಾತಿಗಳನ್ನು ತುಂಡು ತುಂಡಾಗಿ ನೆಡಿ.

ನೆಡುವ ಕಾಲ ಮೃಗಶಿರಾ, ಆರಿದ್ರಾ ಮಳೆಗಳದು (ಜೂನ್‌ನಿಂದ ಜುಲೈ ಆರಂಭದವರೆಗೆ). ಮಸಾರಿ ನೆಲದಲ್ಲಿ ಉತ್ತರಾ ಮಳೆಯವರೆಗೂ (ಸೆಪ್ಟೆಂಬರ್) ನಡೆಯುತ್ತದೆ. ಗೋಡೆಯಿಂದ ಎರಡಡಿ ಬಿಟ್ಟು ನೆಡಿ, ಏಕೆಂದರೆ ಕಾದ ಗೋಡೆಯ ಝಳ ರಾತ್ರಿಯೂ ಗಿಡವನ್ನು ಬಿಡುವುದಿಲ್ಲ. ಚೀಲವನ್ನು ಪೂರ್ತಿ ಹರಿದು, ಸುತ್ತಿಕೊಂಡ ಬೇರುಗಳನ್ನು ಬ್ಲೇಡಿನಿಂದ ಉದ್ದಕ್ಕೆ ಮೂರು ಕಡೆ ಸೀಳಿ, ಚೀಲದಲ್ಲಿದ್ದ ಮಟ್ಟಕ್ಕಿಂತ ಆಳಕ್ಕೆ ಹೋಗದಂತೆ ಇಡಬೇಕು. ಮದರಂಗಿ ಮತ್ತು ಇನರ್ಮಿಗೆ ಒಂದರಿಂದ ಒಂದೂವರೆ ಅಡಿ, ಕವಳೆಗೆ ಮೂರಡಿ ಅಂತರ ಸಾಕು. ಬುಡಕ್ಕೆ ಭತ್ತದ ಹೊಟ್ಟು ಅಥವಾ ಒಣ ಎಲೆಯ ಹೊದಿಕೆ ಹಾಕಿ, ಕಾಂಡದಿಂದ ನಾಲ್ಕು ಬೆರಳು ದೂರವಿರಲಿ.

ಮೊದಲ ವರ್ಷ ಎತ್ತರದ ಆಸೆ ಪಡದೆ, ಅರ್ಧ ಅಡಿ ಬೆಳೆದಾಗಲೆಲ್ಲ ತುದಿಯನ್ನು ಚಿವುಟುತ್ತಿದ್ದರೆ ಬುಡದಿಂದಲೇ ರೆಂಬೆ ಒಡೆಯುತ್ತದೆ. ಕತ್ತರಿಸುವಾಗ ಸಾಲಿನ ಬುಡ ಅಗಲವಾಗಿ, ತಲೆ ಸ್ವಲ್ಪ ಕಿರಿದಾಗಿರುವಂತೆ ನೋಡಿಕೊಳ್ಳಿ. ತಲೆ ಅಗಲವಾದರೆ ಕೆಳಗಿನ ಎಲೆಗಳಿಗೆ ಬಿಸಿಲು ತಾಗದೆ ಬುಡ ಬೋಳಾಗುತ್ತದೆ. ಫೆಬ್ರುವರಿಯ ನಂತರ ಕತ್ತರಿಯನ್ನು ಒಳಗಿಟ್ಟು, ಹೊದಿಕೆಯನ್ನು ಇನ್ನೊಮ್ಮೆ ದಪ್ಪ ಮಾಡಿ, ಮೊದಲ ಬೇಸಿಗೆಯಲ್ಲಿ ಮಾತ್ರ ಮೂರು ದಿನಕ್ಕೊಮ್ಮೆ ನೀರು ಕೊಡಿ.