ಯಕ್ಷಗಾನ ತರಗತಿಯ ಫೀಚರ್: ಚೆಂಡೆ, ಹೆಜ್ಜೆ, ಮೈಕ್

ಪತ್ರಿಕೋದ್ಯಮ ತರಗತಿಗೆ ನಾನು ಮಾಡಿಕೊಟ್ಟ ಮೂರೂವರೆ ನಿಮಿಷದ ವಿಡಿಯೊ ಫೀಚರ್‌ನ ವಸ್ತು ಉಡುಪಿಯ ಒಂದು ಕಲಾಕೇಂದ್ರದಲ್ಲಿ ನಡೆಯುವ ಸಂಜೆಯ ಬಡಗುತಿಟ್ಟು (ಯಕ್ಷಗಾನದ ಉತ್ತರದ ಶೈಲಿ) ತರಗತಿ. ವೇಷ ಕಟ್ಟಿದ ಆಟವನ್ನು ಎಲ್ಲರೂ ತೆಗೆಯುತ್ತಾರೆ, ಅದಕ್ಕೆ ಯೂಟ್ಯೂಬಿನಲ್ಲಿ ಬರವಿಲ್ಲ. ತರಗತಿಯಲ್ಲಿ ಸಿಗುವುದು ಬೇರೆ: ಗುರುಗಳ ಬಾಯಿತಾಳ, ಹತ್ತು ಸಲ ತಪ್ಪಿ ಹನ್ನೊಂದನೇ ಸಲ ಕೂರುವ ಹೆಜ್ಜೆ.

ಮೊದಲ ದಿನ ಕ್ಯಾಮೆರಾ ಒಯ್ಯಲಿಲ್ಲ. ನೋಡಿಕೊಂಡದ್ದು ನಾಲ್ಕೇ ಸಂಗತಿ: ಸಂಜೆ ಬಿಸಿಲು ಯಾವ ಕಿಟಕಿಯಿಂದ ಬರುತ್ತದೆ, ಚೆಂಡೆಯವರು ಎಲ್ಲಿ ಕೂರುತ್ತಾರೆ, ಫ್ಯಾನಿನ ಸ್ವಿಚ್ ಎಲ್ಲಿದೆ, ಮಾಡು ಹಂಚಿನದೋ ಶೀಟಿನದೋ. ಶೀಟಿನ ಮಾಡಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಸಂದರ್ಶನದ ಆಸೆ ಬಿಡಬೇಕು. ಮಕ್ಕಳ ತಂದೆತಾಯಿಯ ಒಪ್ಪಿಗೆ ಪತ್ರಕ್ಕೂ ಅದೇ ದಿನ ಸರಿ. ಹಾಳೆ ಮನೆಗೆ ಹೋಗಿ ಸಹಿಯಾಗಿ ಬರಲು ಒಂದು ವಾರ ಹಿಡಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಹಾಳಾಗುವುದು ಧ್ವನಿ. ಕಾಂಕ್ರೀಟ್ ಗೋಡೆಯ ಕೋಣೆಯಲ್ಲಿ ಚೆಂಡೆ ಬಿದ್ದಾಗ ಕಾಲರ್ ಮೈಕ್ ಒಡೆದ ಸ್ವರವನ್ನೇ ಕೊಡುತ್ತದೆ. ಕ್ಯಾಮೆರಾದಲ್ಲಿ ಲೆವೆಲ್ ಇಳಿಸಿದರೆ ಪ್ರಯೋಜನವಿಲ್ಲ. ಸ್ವರ ಅದಕ್ಕೂ ಮೊದಲೇ, ಸೊಂಟಕ್ಕೆ ಸಿಕ್ಕಿಸಿದ ಟ್ರಾನ್ಸ್‌ಮಿಟರ್‌ನಲ್ಲಿ ಒಡೆದಿರುತ್ತದೆ. ಇಳಿಸಬೇಕಾದದ್ದು ಅಲ್ಲಿಯ ಗೇನ್, ಅಂದರೆ ಮೈಕಿನ ಸ್ವರವನ್ನು ಹಿಗ್ಗಿಸುವ ಪ್ರಮಾಣ. ಪದ್ಯ, ಅಂದರೆ ಭಾಗವತರ ಹಾಡು ನಡೆಯುವಾಗ ನಾನು ಕಾಲರ್ ಮೈಕನ್ನು ನಂಬುವುದೇ ಇಲ್ಲ. ಚಿಕ್ಕ ರೆಕಾರ್ಡರ್ ಒಂದನ್ನು ಸ್ಟ್ಯಾಂಡಿನ ಮೇಲೆ ಭಾಗವತರಿಗೆ ಒಂದೂವರೆ ಮೀಟರ್, ಚೆಂಡೆಗೆ ಮೂರು ಮೀಟರ್ ದೂರದಲ್ಲಿ ಇಟ್ಟೆ. ಜೋರಾದ ಪೆಟ್ಟಿಗೂ ಮುಳ್ಳು ಮೈನಸ್ 12 ಡೆಸಿಬೆಲ್ ದಾಟಬಾರದು. ರೆಕಾರ್ಡರ್‌ನಲ್ಲಿ ಎರಡನೇ ಟ್ರ್ಯಾಕ್‌ ಮೇಲೆ ಅದೇ ಧ್ವನಿಯನ್ನು ಹಿಡಿಯುವ ಸೌಲಭ್ಯವಿದ್ದರೆ ಅದನ್ನು ಇನ್ನೂ 10 ಡೆಸಿಬೆಲ್ ಕೆಳಗಿಡಿ. ಲೆವೆಲ್ ನೋಡಲು ಚೆಂಡೆಯವರನ್ನು ‘ಒಮ್ಮೆ ಬಾರಿಸಿ’ ಎಂದು ಕೇಳಿದರೆ ಮೆಲ್ಲಗೆ ಬಾರಿಸುತ್ತಾರೆ. ಆ ಲೆಕ್ಕ ಕುಣಿತ ಏರಿದಾಗ ಸುಳ್ಳಾಗುತ್ತದೆ. ಫೋನಿನ ಸ್ವಯಂಚಾಲಿತ ಲೆವೆಲ್ ಇನ್ನೂ ಕೆಟ್ಟದು: ಪೆಟ್ಟು ಬಿದ್ದ ಕೂಡಲೇ ಭಾಗವತಿಕೆ ಅಡಗಿಹೋಗಿ, ನಿಧಾನಕ್ಕೆ ಮೇಲೆ ಬರುತ್ತದೆ. ಹಾಗಿದ್ದರೂ ಕ್ಯಾಮೆರಾದ ಮೈಕ್ ಆಫ್ ಮಾಡಬೇಡಿ, ಆಮೇಲೆ ರೆಕಾರ್ಡರ್‌ನ ಧ್ವನಿ ಹೊಂದಿಸಲು ಅದೇ ಆಧಾರ.

ಚಿತ್ರಕ್ಕೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ನಮ್ಮ ಕರೆಂಟು 50 ಹರ್ಟ್ಸ್; 30 ಫ್ರೇಮ್, 1/60 ಇಟ್ಟರೆ ಟ್ಯೂಬ್‌ಲೈಟಿನ ಬೆಳಕು ಪಟ್ಟಿಪಟ್ಟಿಯಾಗಿ ಹರಿಯುತ್ತದೆ. ಹೆಜ್ಜೆ ಮಸುಕಾಗುತ್ತದೆ ಅನಿಸಿದರೆ 1/100 ಮಾಡಬಹುದು. ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಬಿಡಬೇಡಿ. ಕೆಂಪು ಕಸೆ ಸೀರೆ ಚೌಕಟ್ಟು ತುಂಬಿದಾಗ ಹಿಂದಿನ ಬಿಳಿ ಗೋಡೆ ಹಸಿರಿಗೆ, ನೀಲಿಗೆ ತಿರುಗುತ್ತದೆ. ಬಿಳಿ ಹಾಳೆ ಹಿಡಿದು ಸರಿಮಾಡಿ ಲಾಕ್ ಮಾಡಿ. ಕಿಟಕಿಯ ಬೆಳಕು ಇಳಿದ ಮೇಲೆ ಇನ್ನೊಮ್ಮೆ. ಎಸಿ ಕಾರಿನಿಂದ ಇಳಿಸಿದ ಲೆನ್ಸ್ ನಮ್ಮ ಕರಾವಳಿಯ ಸೆಕೆಗೆ ಕೂಡಲೇ ಮಂಜು ಹಿಡಿಯುತ್ತದೆ. ಒರೆಸಲು ಹೋಗದೆ ಮುಚ್ಚಿದ ಬ್ಯಾಗಿನಲ್ಲೇ ಅರ್ಧ ಗಂಟೆ ಬಿಡುವುದು ಒಳ್ಳೆಯದು.

ಕುಣಿತವನ್ನು ಒಂದೇ ಕ್ಯಾಮೆರಾದಲ್ಲಿ ತೆಗೆಯುವಾಗ ಸಿಕ್ಕಿಬೀಳುವ ಜಾಗ ಒಂದಿದೆ. ಅದೇ ಪದ್ಯವನ್ನು ಎರಡನೇ ಸಲ ಹೇಳುವಾಗ ಲಯ ಕೂದಲೆಳೆಯಷ್ಟು ಏರಿರುತ್ತದೆ. ಮೊದಲ ಸಲದ ಹಾಡಿಗೆ ಎರಡನೇ ಸಲದ ಪಾದದ ಶಾಟ್ ಕೂರಿಸಿದರೆ ನಾಲ್ಕೈದು ಸೆಕೆಂಡಿನಲ್ಲಿ ಗೆಜ್ಜೆ ಒಂದು ಕಡೆ, ಹೆಜ್ಜೆ ಇನ್ನೊಂದು ಕಡೆ. ಬೇರೆಯವರಿಗೆ ಗೊತ್ತಾಗದಿರಬಹುದು, ಉಡುಪಿಯ ಪ್ರೇಕ್ಷಕರಿಗೆ ಖಂಡಿತ ಗೊತ್ತಾಗುತ್ತದೆ. ಹಾಗಾಗಿ ಮೊದಲ ಸಲ ಟ್ರೈಪಾಡ್ ಮೇಲೆ ಇಡೀ ಪದ್ಯ, ತಲೆಯಿಂದ ಪಾದದವರೆಗೆ, ಕಟ್ ಇಲ್ಲದೆ. ಧ್ವನಿ ಅದರದ್ದೇ. ಮುಂದಿನ ಸಲಗಳಲ್ಲಿ ಪಾದ, ತಾಳ ಹಿಡಿದ ಕೈ, ಮದ್ದಳೆಯ ಬೆರಳು ಹತ್ತಿರದಿಂದ. ಆದರೆ ಇವನ್ನು ಅವುಗಳದ್ದೇ ಧ್ವನಿಯೊಂದಿಗೆ ಬೇರೆ ತುಣುಕಾಗಿ ಬಳಸಬೇಕು. ಮೊದಲ ಸಲದ ಹಾಡಿನ ಮೇಲೆ ಹೊದಿಸಬಹುದಾದದ್ದು ತಾಳ ಕಾಣದ ಶಾಟ್‌ಗಳನ್ನು ಮಾತ್ರ: ನೋಡುತ್ತ ಕೂತ ಮಗುವಿನ ಮುಖ, ಗೋಡೆಗೆ ತೂಗಿದ ಕಿರೀಟ, ಬಾಗಿಲ ಹೊರಗೆ ಬಿಟ್ಟ ಚಪ್ಪಲಿ. ಒಂದೊಂದನ್ನೂ ಅಲುಗದೆ ಹತ್ತು ಸೆಕೆಂಡ್ ತೆಗೆಯಿರಿ. ಹಾಡನ್ನು ಕತ್ತರಿಸುವುದಾದರೆ ತಾಳದ ಮುಕ್ತಾಯದಲ್ಲೇ ಕತ್ತರಿಸಬೇಕು.

ಗುರುಗಳ ಸಂದರ್ಶನ ತರಗತಿ ಮುಗಿದ ಮೇಲೆ, ಫ್ಯಾನ್ ಆರಿಸಿ. ಮೈಕ್ ಗಲ್ಲದಿಂದ ಒಂದು ಗೇಣು ಕೆಳಗೆ. ಶಾಲು ಹೊದ್ದಿದ್ದರೆ ಅದು ಉಜ್ಜದ ಬದಿಗೆ. ‘ಗುರುಗಳೇ, ಯಾವಾಗಿನಿಂದ ಕಲಿಸುತ್ತಿದ್ದೀರಿ?’ ಎಂದರೆ ಇಸವಿಯೊಂದು ಸಿಗುತ್ತದೆ, ಅಷ್ಟೇ. ‘ಈ ಹುಡುಗನ ಹೆಜ್ಜೆಯಲ್ಲಿ ಎಲ್ಲಿ ತಪ್ಪುತ್ತದೆ, ತೋರಿಸ್ತೀರಾ?’ ಎಂದು ಕೇಳಿದರೆ ಅವರು ಎದ್ದು ನಿಲ್ಲುತ್ತಾರೆ, ಮೈಕಿನ ವೈರು ಉದ್ದವಿರಲಿ. ಮಕ್ಕಳು ತುಳುವಿನಲ್ಲೇ ಸಲೀಸು. ಕ್ಯಾಮೆರಾಕ್ಕಾಗಿ ಪುಸ್ತಕದ ಕನ್ನಡ ಆಡಿಸುವ ಬದಲು ಅಡಿಬರಹ ಹಾಕಿ. ಕೊನೆಗೆ ಯಾರೂ ಮಾತಾಡದ ಖಾಲಿ ಕೋಣೆಯ ಸದ್ದು 30 ಸೆಕೆಂಡ್, ಕತ್ತರಿಸಿದ ಜಾಗಗಳ ಕೆಳಗೆ ಹಾಸಲು.

ಇತಿಹಾಸವನ್ನು ಒಂದೇ ವಾಕ್ಯದಲ್ಲಿ ಮುಗಿಸಿದೆ. ಇಂದ್ರಾಳಿಯ ಯಕ್ಷಗಾನ ಕೇಂದ್ರ 1971ರಲ್ಲಿ ಶುರುವಾದದ್ದು, ಅದರ ಹಿಂದೆ ಶಿವರಾಮ ಕಾರಂತರು ಇದ್ದದ್ದು ಉಡುಪಿಯಲ್ಲಿ ಇಂಥ ಶಿಕ್ಷಣದ ಹಿನ್ನೆಲೆ ಹೇಳಲು ಸಾಕು. ಅದನ್ನೂ ಮೊದಲ ನಿಮಿಷ ಕಳೆದ ಮೇಲೆ ಹೇಳಿದೆ.

ವಿಡಿಯೊ ಸೆಕೆಂಡಿಗೆ 50 ಮೆಗಾಬಿಟ್ ದಾಖಲಾಗುವ 50 ಎಂಬಿಪಿಎಸ್‌ನಲ್ಲಿ ಗಂಟೆಗೆ ಸುಮಾರು 22.5 ಜಿಬಿ ಬೇಕು. ಎರಡು ಸಂಜೆಗೆ 64 ಜಿಬಿಯ ಎರಡು ಕಾರ್ಡ್. ಎರಡು ಕಡೆ ನಕಲಾಗದೆ ಯಾವ ಕಾರ್ಡನ್ನೂ ಅಳಿಸುವುದಿಲ್ಲ. ಕೇಂದ್ರಕ್ಕೆ ಪ್ರತಿ ಕೊಡುವಾಗ ವಾಟ್ಸ್‌ಆ್ಯಪಿನಲ್ಲಿ ಕಳಿಸಬೇಡಿ, ಕುಗ್ಗಿ ಹಾಳಾಗುತ್ತದೆ. ಪೆನ್‌ಡ್ರೈವಿನಲ್ಲಿ ಫೀಚರ್ ಜೊತೆ ಆ ಕಟ್ ಇಲ್ಲದ ಇಡೀ ಪದ್ಯವನ್ನೂ ಹಾಕಿ. ಅವರು ಮತ್ತೆ ಮತ್ತೆ ನೋಡುವುದು ಅದನ್ನೇ.