ದುಡ್ಡು ಕೂಡಿಸುವ ಮೊದಲು ಒಂದು ನೋಟ್‌ಬುಕ್ ತಗೊಳ್ಳಿ

ಹಾಸನದ ಗೆಳೆಯರೇ, ಯುದ್ಧದಲ್ಲಿ ಸಿಕ್ಕಿಕೊಂಡವರಿಗೆ ಚಂದಾ ಎತ್ತುತ್ತಿದ್ದರೆ ಇದನ್ನೊಮ್ಮೆ ಓದಿ. ಸುಡಾನಿನಲ್ಲಿ 2023ರ ಏಪ್ರಿಲ್ 15ರಂದು ಯುದ್ಧ ಶುರುವಾದಾಗ ನನ್ನ ಜೊತೆ ಓದಿದವನ ತಾಯಿ, ಇಬ್ಬರು ತಂಗಿಯರು ಖಾರ್ತೂಮ್‌ನಲ್ಲಿದ್ದರು.

ಗಾಬರಿಯಲ್ಲಿ ನಾನು ಅವರಿಗಾಗಿ ಎತ್ತಿದ ಎಲ್ಲ ದುಡ್ಡನ್ನೂ ನನ್ನ ದಿನಬಳಕೆಯ ಖಾತೆಗೇ ಹಾಕಿಸಿಕೊಂಡೆ. ಹಾಲಿನ ದುಡ್ಡು, ಕರೆಂಟ್ ಬಿಲ್ಲು, ಚಂದಾ ಎಲ್ಲ ಕಲಸಿಹೋಯಿತು. ನೀವು ಬೇರೆ ಖಾತೆ ಇಡಿ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿಗಿಂತ ಜಾಸ್ತಿ ಬಂದರೆ ಅದು ನಿಮ್ಮದೇ ಆದಾಯವಾ ಅಂತ ತೆರಿಗೆಯವರು ಕೇಳಬಹುದು. ಅದಕ್ಕೇ ಹೆಸರು, ತಾರೀಕು, ಮೊತ್ತ ಬರೆದಿಡಿ. ಆಡಿಟರ್‌ಗೂ ಮೊದಲೇ ಒಂದು ಮಾತು ಹೇಳಿ. ನಮ್ಮ ಬೀದಿಯ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ನೂರರ ಎರಡು ನೋಟು ಕೊಟ್ಟರು. ಮಡಿಸಿ ಮಡಿಸಿ ಮೆತ್ತಗಾಗಿದ್ದವು. ಅದನ್ನೂ ಬರೆದೆ.

ಹೊರದೇಶಕ್ಕೆ ಬ್ಯಾಂಕಿನಿಂದಲೇ ಕಳಿಸಿ, ಪ್ಯಾನ್ ಕಾರ್ಡ್ ಬೇಕು. ಹವಾಲಾ, ಅಂದರೆ ಬ್ಯಾಂಕಿಲ್ಲದೆ ದಲ್ಲಾಳಿಗಳ ಕೈಯಲ್ಲಿ ದುಡ್ಡು ದಾಟಿಸೋದು, ಬೇಡವೇ ಬೇಡ, ಅದು ಕಾನೂನಿಗೆ ವಿರುದ್ಧ. ಯುದ್ಧ ನಡೆಯುವ ಊರಲ್ಲಿ ಬ್ಯಾಂಕು ತೆರೆದಿರುತ್ತೆ ಅಂತ ನಂಬೋಕಾಗಲ್ಲ, ಅಲ್ವಾ? ಅದಕ್ಕೇ ಸಿಕ್ಕಿಕೊಂಡವರ ನೆಂಟರು ಬೇರೆ ದೇಶದಲ್ಲಿದ್ದರೆ ಹುಡುಕಿ, ಅವರಿಗೆ ಕಳಿಸಿ. ನಮಗೆ ಕೈರೋದಲ್ಲಿದ್ದ ಅವನ ಸೋದರಮಾವ ಸಿಕ್ಕರು. ಒಂದೇ ಸಲ ಎಲ್ಲ ಕಳಿಸಬೇಡಿ. ಮೊದಲು ಬಸ್ಸಿನ ಖರ್ಚು, ಆಮೇಲೆ ಬಾಡಿಗೆ, ಊಟ.

ಇದೊಂದು ಮಾತ್ರ ದಯವಿಟ್ಟು ಮರೆಯಬೇಡಿ. ಗ್ರೂಪಿನಲ್ಲಿ ಅವರ ಫೋಟೋ, ಹೊರಡುವ ದಿನ, ಹೋಗುವ ದಾರಿ ಹಾಕಬೇಡಿ. ದುಡ್ಡು ಕೊಟ್ಟವರು ಕೇಳಿದರೂ ಹೇಳಬೇಡಿ. ಗೆಳೆಯನ ತಾಯಿ, ತಂಗಿಯರು ಕೆಂಪು ಸಮುದ್ರದ ದಡದ ಪೋರ್ಟ್ ಸುಡಾನ್ ಮುಟ್ಟಿದ ಮೇಲಷ್ಟೇ ನಾವು ಎಲ್ಲರಿಗೂ ತಿಳಿಸಿದ್ದು.

ಬ್ಯಾಂಕಿನ ಅರ್ಜಿ ತುಂಬಲು ಕಷ್ಟವಾದರೆ ಇಲ್ಲೇ ಕೇಳಿ. ಜೊತೆಗೆ ನಾನೇ ಬರುತ್ತೇನೆ.